ಕರಿಮತ್ತಿಯ ಬುಡಕ್ಕೆ ನಾಲ್ಕು ಸಲ

ಮಾರ್ಚ್ ತಿಂಗಳಲ್ಲಿ ಹುಣಸೂರಿನಿಂದ ಗೋಣಿಕೊಪ್ಪದ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದವರಿಗೆ ಜೀವವಿಜ್ಞಾನದ ಒಂದು ಪಾಠ ಟಿಕೆಟ್ಟಿನ ಜೊತೆ ಪುಕ್ಕಟೆ ಸಿಗುತ್ತದೆ. ಊರು ಬಿಟ್ಟ ಮೇಲೆ ಕೊಯ್ಲು ಮುಗಿದ ಹೊಲಗಳು, ಕೆಲಸವಿಲ್ಲದೆ ನಿಂತ ಹೊಗೆಸೊಪ್ಪಿನ ಬ್ಯಾರನ್ನುಗಳು, ಬದುಗಳ ಮೇಲೆ ಹೊಂಗೆ, ಬೇವು. ಪಂಚವಳ್ಳಿ ದಾಟಿ ನಾಗರಹೊಳೆಯ ಅಂಚಿಗೆ ಬರುವಷ್ಟರಲ್ಲಿ ಎರಡೂ ಬದಿಯ ಮರಗಳು ಬೋಳಾಗಿರುತ್ತವೆ. ತೇಗ, ದಿಂಡಿಗ, ಕರಿಮತ್ತಿಗಳ ಬರಿಗೊಂಬೆಗಳ ನಡುವೆ ಒಂದು ಮುತ್ತುಗ, ಮೈಮೇಲೆ ಎಲೆಯೊಂದೂ ಇಲ್ಲದೆ, ಕೆಂಡ ಸುರಿದುಕೊಂಡ ಹಾಗೆ ಹೂಬಿಟ್ಟು ನಿಂತಿರುತ್ತದೆ. ಆನೆಚೌಕೂರು ಕಳೆದು ತಿತಿಮತಿ ಹತ್ತಿರವಾದಂತೆ ಬೋಳುಮರಗಳ ನಡುವೆ ಹಸಿರು ಸೇರಿಕೊಳ್ಳತೊಡಗುತ್ತದೆ. ವಿರಾಜಪೇಟೆ ದಾಟಿ ಮಾಕುಟ್ಟದ ಘಟ್ಟ ಇಳಿಯುವವರಿಗೆ ಬೋಳುಮರ ಕಾಣುವುದೇ ಅಪರೂಪ. ಅಲ್ಲಿ ಎಷ್ಟೋ ಮರಗಳ ಎಲೆಯ ತುದಿ ಬಾಲದಂತೆ ಚೂಪಾಗಿ ನೀಳವಾಗಿ ಕೆಳಗೆ ಇಳಿದಿರುತ್ತದೆ, ಬಿದ್ದ ನೀರು ನಿಲ್ಲದೆ ಜಾರಿಹೋಗುತ್ತದೆ. ಹುಣಸೂರು, ಪಿರಿಯಾಪಟ್ಟಣದ ಬಯಲಲ್ಲಿ ವರ್ಷಕ್ಕೆ ಬೀಳುವ ಮಳೆ 800–900 ಮಿಲಿಮೀಟರಿನ ಆಸುಪಾಸು. ನಾಗರಹೊಳೆಯ ಪಶ್ಚಿಮದ ತುದಿಯಲ್ಲಿ ಅದು 1500ರ ಹತ್ತಿರ, ವಿರಾಜಪೇಟೆಯ ಆಚೆ 2000ವನ್ನೂ ಮೀರುತ್ತದೆ. ಅರ್ಧ ದಿನದ ದಾರಿಯಲ್ಲಿ ಮಳೆ ಎರಡು ಪಟ್ಟಿಗೂ ಹೆಚ್ಚಾಗುವುದನ್ನೂ, ಅದಕ್ಕೆ ತಕ್ಕಂತೆ ಎಲೆ, ತೊಗಟೆ, ಹೂವಿನ ಕಾಲ ಎಲ್ಲ ಬದಲಾಗುವುದನ್ನೂ ಒಂದೇ ಕಿಟಕಿಯಿಂದ ನೋಡಬಹುದಾದ ಇಂಥ ದಾರಿಗಳು ಹೆಚ್ಚಿಲ್ಲ. ಆದರೂ ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯಂಥ ಊರಿನ ಮಗು ಆರನೇ ತರಗತಿಯ ವಿಜ್ಞಾನದಲ್ಲಿ ಜೀವಿಗಳ ಹೊಂದಾಣಿಕೆಯ ಪಾಠಕ್ಕೆ ಬಂದಾಗ ಎದುರಾಗುವುದು ಮರುಭೂಮಿಯ ಒಂಟೆ, ಪಾಪಾಸುಕಳ್ಳಿ, ಹಿಮದ ಪ್ರಾಣಿಗಳು. ಒಂಟೆಯ ಮೇಲೆ ಯಾರಿಗೂ ದ್ವೇಷವಿಲ್ಲ. ಆದರೆ ಶಾಲೆಯ ಹಿಂದಿನ ಕುರುಚಲಿನಲ್ಲೇ ಕಾಣುವುದನ್ನು ಕಲಿಯಲು ರಾಜಸ್ಥಾನದ ತನಕ ಏಕೆ ಹೋಗಬೇಕು?

ಹಾಗೆಂದು ಮಕ್ಕಳನ್ನು ಬಸ್ಸು ಹತ್ತಿಸಿ ಈ ದಾರಿಯಲ್ಲಿ ಒಮ್ಮೆ ಓಡಾಡಿಸಿಬಿಟ್ಟರೆ ಮುಗಿಯಿತು ಎನ್ನುವಂತಿಲ್ಲ. ಕಿಟಕಿಯ ಪಾಠಕ್ಕೆ ಒಂದು ದೊಡ್ಡ ದೋಷವಿದೆ: ಅದು ಗೆದ್ದವರನ್ನು ಮಾತ್ರ ತೋರಿಸುತ್ತದೆ. ಒಣನಾಡಿನಲ್ಲಿ ಎಲೆ ಉದುರಿಸುವ ಮರ, ಮಳೆನಾಡಿನಲ್ಲಿ ಉದುರಿಸದ ಮರ, ಎಲ್ಲ ಅದರದರ ಜಾಗದಲ್ಲಿ ಒಪ್ಪವಾಗಿ ನಿಂತಿವೆ. ಇದನ್ನು ನೋಡಿದ ಮಗು ಬರುವ ತೀರ್ಮಾನವನ್ನು ಊಹಿಸುವುದು ಕಷ್ಟವಲ್ಲ: ಮರಕ್ಕೆ ನೀರು ಸಾಲದು ಎಂದು ಗೊತ್ತಾಯಿತು, ಅದು ಎಲೆ ಉದುರಿಸಲು ಕಲಿಯಿತು. ಈ ತಪ್ಪಿಗೆ ನಮ್ಮ ಭಾಷೆಯೂ ಒತ್ತಾಸೆ ಕೊಡುತ್ತದೆ. ಹೊಂದಾಣಿಕೆ ಎಂಬ ಪದವನ್ನು ಮಗು ಪಠ್ಯಪುಸ್ತಕದಲ್ಲಿ ಓದುವುದಕ್ಕೆ ಎಷ್ಟೋ ಮೊದಲು ಮನೆಯಲ್ಲಿ ಕೇಳಿರುತ್ತದೆ. ಗಂಡನ ಮನೆಗೆ ಹೊರಟ ಅಕ್ಕನಿಗೆ ಹೇಳುವ ಮಾತು ಅದೇ, ಹಾಸ್ಟೆಲ್ಲಿಗೆ ಸೇರಿದ ಅಣ್ಣನಿಗೆ ಹೇಳುವುದೂ ಅದೇ: ಹೊಂದಿಕೊಂಡು ಹೋಗು. ಅಲ್ಲಿ ಹೊಂದಿಕೊಳ್ಳುವುದು ಒಬ್ಬ ವ್ಯಕ್ತಿ, ತನ್ನ ಇಚ್ಛೆಯಿಂದ, ಒಂದೇ ಆಯುಸ್ಸಿನಲ್ಲಿ. ಜೀವವಿಜ್ಞಾನ ಹೇಳುವುದು ಬೇರೆಯದೇ ಕತೆ. ಒಂದು ಗಿಡ ಹೊಂದಿಕೊಳ್ಳುವುದಿಲ್ಲ; ಸಾವಿರ ಗಿಡಗಳಲ್ಲಿ ಒಂದಿಷ್ಟು ಸ್ವಲ್ಪ ಬೇರೆಯಾಗಿ ಹುಟ್ಟುತ್ತವೆ, ಉಳಿದವು ಸಾಯುತ್ತವೆ, ಬದುಕಿದವುಗಳ ಗುಣ ಮುಂದಿನ ತಲೆಗೆ ದಾಟುತ್ತದೆ. ಪಠ್ಯ ಬರೆಯುವವರು ಅನುಕೂಲನ, ಮಾರ್ಪಾಡು ಎಂದೆಲ್ಲ ಬಳಸಿ ನೋಡಿದ್ದಾರೆ. ಪದ ಬದಲಿಸಿದ ಮಾತ್ರಕ್ಕೆ ಮನಸ್ಸಿನ ಚಿತ್ರ ಬದಲಾಗುವುದಿಲ್ಲ. ಸತ್ತವುಗಳನ್ನು ಎಣಿಸದೆ ಬದುಕಿದವುಗಳ ಅರ್ಥ ತಿಳಿಯುವಂತಿಲ್ಲ. ಸಾವು ಒಂದು ದಿನದ ಟೂರಿನಲ್ಲಿ ಕಾಣುವ ಸಂಗತಿಯೂ ಅಲ್ಲ. ಅದನ್ನು ನೋಡಬೇಕಾದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು. ದೂರದ ಕಾಡಿಗೆ ಒಂದು ಸಲ ಹೋಗಿಬರುವುದಕ್ಕಿಂತ ಹತ್ತಿರದ ಮರಕ್ಕೆ ನಾಲ್ಕು ಸಲ ಹೋಗಿಬರುವುದೇ ದೊಡ್ಡ ಪ್ರವಾಸ ಎಂಬ ಈ ಬರಹದ ವಾದ ಹುಟ್ಟುವುದು ಇಲ್ಲಿಂದ.

ಮರ ಯಾವುದು ಎಂಬುದು ಅಷ್ಟು ಮುಖ್ಯವಲ್ಲ, ಆದರೆ ಈ ಸೀಮೆಗೆ ಕರಿಮತ್ತಿಗಿಂತ ಒಳ್ಳೆಯ ಗುರು ಸಿಗುವುದು ಕಷ್ಟ. ಕಾಡಿನ ಅಂಚಿನಲ್ಲೋ ಹೊಲದ ಬದುವಿನಲ್ಲೋ ಒಂದಾದರೂ ಉಳಿದಿರುತ್ತದೆ. ಸಿಗದಿದ್ದರೆ ಹೊಂಗೆ, ಮುತ್ತುಗ, ನೆಲ್ಲಿ ಯಾವುದಾದರೂ ನಡೆದೀತು. ಶಾಲೆ ತೆರೆದ ಮೇಲೆ ಜೂನ್ ಕೊನೆಗೆ ಮೊದಲ ಭೇಟಿ. ಎಲೆ ತುಂಬಿದೆ, ಹೂವಿನ ಕಾಲ ಮುಗಿಯುತ್ತ ಬಂದಿದೆ. ಎಲೆಯನ್ನು ಮಗುಚಿದರೆ ಬುಡದ ಹತ್ತಿರ ನಡುನರದ ಪಕ್ಕ ಸಣ್ಣ ಗಂಟುಗಳು; ಅವು ಸಿಹಿರಸ ಒಸರುವ ಗ್ರಂಥಿಗಳು, ಇರುವೆಗಳು ಅಲ್ಲಿಗೆ ಬರುತ್ತವೆ, ಇರುವೆ ಓಡಾಡುವ ಎಲೆಗೆ ಎಲೆ ತಿನ್ನುವ ಹುಳು ಬರಲು ಹೆದರುತ್ತದೆ. ಹೂವಿಗೆ ಸಂಬಂಧವೇ ಇಲ್ಲದ ಜಾಗದಲ್ಲಿ ಮರ ಸಿಹಿ ಹಂಚುವುದೇಕೆ ಎಂಬ ಪ್ರಶ್ನೆಯನ್ನು ಮೇಷ್ಟ್ರು ಕೇಳಬೇಕಾಗಿಲ್ಲ, ಇರುವೆಯ ಸಾಲೇ ಕೇಳುತ್ತದೆ. ದಸರಾ ರಜೆಗೆ ಮುಂಚೆ ಎರಡನೆಯ ಭೇಟಿ. ಆಗ ಬುಡದ ಹುಲ್ಲು ಮೊಣಕಾಲುದ್ದ, ಮರದ ನೆರಳಲ್ಲಿ ಮೊಳೆತ ಸಸಿಗಳನ್ನು ಎಣಿಸುವ ಕಾಲ. ಸಂಕ್ರಾಂತಿಯ ಹೊತ್ತಿಗೆ ಮೂರನೆಯದು: ಕಾಯಿಗೆ ಐದು ರೆಕ್ಕೆ ಬಂದು ಒಣಗುತ್ತಿರುತ್ತವೆ. ನಾಲ್ಕನೆಯದು ಮಾರ್ಚಿನಲ್ಲಿ, ಪರೀಕ್ಷೆಗೆ ಮೊದಲು. ಎಲೆ ಉದುರಿ ಕೊಂಬೆ ಬರಿದಾದಾಗಲೇ ರೆಕ್ಕೆಯ ಕಾಯಿ ಗಾಳಿಗೆ ಕಳಚಿಕೊಳ್ಳುತ್ತದೆ. ಹೊನ್ನೆಯ ಬಿಲ್ಲೆಯಂಥ ಕಾಯಿ, ನಂದಿಯ ಪುಟ್ಟ ರೆಕ್ಕೆಬೀಜ, ಬೂರುಗದ ಹತ್ತಿ ಎಲ್ಲವೂ ಇದೇ ಬೇಸಿಗೆಯ ಆಸುಪಾಸಿನಲ್ಲಿ ಹಾರುತ್ತವೆ. ನೆಲ್ಲಿಯಂಥ ತಿರುಳಿನ ಕಾಯಿ ಮಾತ್ರ ಗಾಳಿಯನ್ನು ನಂಬದೆ ಜಿಂಕೆಯ ಹೊಟ್ಟೆಯನ್ನು ನಂಬುತ್ತದೆ. ಜಿಂಕೆ ನೆಲ್ಲಿ ತಿಂದು, ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಬೇರೆಲ್ಲೋ ಉಗುಳುತ್ತದೆ. ಇಪ್ಪತ್ತು ಬಗೆಯ ಕಾಯಿಗಳನ್ನು ಗುಡ್ಡೆ ಹಾಕಿ, ಹಾರುವುದು ಯಾವುದು, ತಿನ್ನಿಸಿಕೊಳ್ಳುವುದು ಯಾವುದು, ಅಂಟಿಕೊಳ್ಳುವುದು ಯಾವುದು, ಯಾವುದು ಯಾವ ತಿಂಗಳಲ್ಲಿ ಎಂದು ಬೇರ್ಪಡಿಸಿದ ಮಗುವಿಗೆ ಬೀಜಪ್ರಸಾರದ ವಿಧಗಳು ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ಅವಮಾನವೇ ಸರಿ. ಇನ್ನು ತೊಗಟೆ. ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಬಿರಿದ ಆ ದಪ್ಪ ತೊಗಟೆ ಬೇಸಿಗೆಯ ನೆಲಬೆಂಕಿಯನ್ನು ಮರ ತಾಳುವುದಕ್ಕೆ ನೆರವಾಗುತ್ತದೆ. ಕೆಲವು ಹಳೆಯ ಕರಿಮತ್ತಿಗಳು ಕಾಂಡದೊಳಗೆ ನೀರನ್ನೂ ಕೂಡಿಟ್ಟುಕೊಳ್ಳುತ್ತವೆ. ಅದನ್ನು ಪರೀಕ್ಷಿಸಲೆಂದು ಮರಕ್ಕೆ ಕೊಡಲಿ ತಾಗಿಸುವವರನ್ನು ಮಾತ್ರ ಶಾಲೆಯ ಗುಂಪಿಗೆ ಸೇರಿಸಿಕೊಳ್ಳಬಾರದು.

ಕಾಲವೇ ಸಾಕ್ಷಿ ಎನ್ನುವುದಕ್ಕೆ ಇನ್ನೂ ಒಳ್ಳೆಯ ಪುರಾವೆ ಚಿಗುರಿನಲ್ಲಿದೆ. ನೀರಿಲ್ಲ ಎಂದು ಎಲೆ ಉದುರಿಸುವ ಮರ ಮಳೆ ಬಂದ ಮೇಲೆ ಚಿಗುರಬೇಕು, ಅದು ತರ್ಕ. ಆದರೆ ಯುಗಾದಿಗೆ ಹೊಂಗೆ ಹಸಿರಾಗುವುದನ್ನು ಕಾಣದ ಕನ್ನಡಿಗನುಂಟೆ? ಒಣಕಾಡಿನ ಹಲವು ಮರಗಳು ಏಪ್ರಿಲ್ ಬಿಸಿಲಿನಲ್ಲಿ, ಮುಂಗಾರಿಗೆ ತಿಂಗಳಿರುವಾಗಲೇ ಎಲೆ ಬಿಡುತ್ತವೆ. ನೀರಿನ ಲೆಕ್ಕ ಇಲ್ಲಿ ಸಾಲುವುದಿಲ್ಲ. ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೈ ಕಾಡಿನಲ್ಲಿ ಕೆ.ಎಸ್. ಮುರಳಿ ಮತ್ತು ಆರ್. ಸುಕುಮಾರ್ ಇದನ್ನೇ ಬೆನ್ನುಹತ್ತಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರವನ್ನು ಹುಳುಗಳಲ್ಲಿ ಕಂಡಿತು: ಒಣಗಾಲದಲ್ಲೇ ಬೇಗ ಚಿಗುರಿದ ಮರಗಳ ಎಲೆಗಳನ್ನು ಕೀಟಗಳು ತಿಂದದ್ದು ಕಡಿಮೆ, ಮಳೆಗಾಲದಲ್ಲಿ ತಡವಾಗಿ ಚಿಗುರಿದವುಗಳನ್ನು ತಿಂದದ್ದು ಹೆಚ್ಚು. ಹುಳುಗಳ ಸಂಖ್ಯೆ ಮಳೆಯೊಂದಿಗೆ ಏರುವ ಹೊತ್ತಿಗೆ ಮೊದಲು ಚಿಗುರಿದವುಗಳ ಎಲೆ ಬಲಿತಿರುತ್ತದೆ. ಈ ಅಧ್ಯಯನದ ತಿರುಳನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ಎರಡೂ ಬಗೆಯ ಮರಗಳಿಂದ ಹತ್ತು ಹತ್ತು ಎಲೆ ಆರಿಸಿ, ಚೌಕುಳಿ ಹಾಳೆಯ ಮೇಲಿಟ್ಟು, ತೂತಾದ ಮನೆಗಳನ್ನು ಎಣಿಸಿದರೆ ಸಾಕು. ಆರನೇ ತರಗತಿಯ ಗಣಿತದ ವಿಸ್ತೀರ್ಣ ಪಾಠವೂ ಅಲ್ಲೇ ಮುಗಿಯುತ್ತದೆ. ಮಕ್ಕಳ ಎಣಿಕೆ ಮುದುಮಲೈಯ ಫಲಿತಾಂಶಕ್ಕೆ ಹೊಂದದೆಯೂ ಹೋಗಬಹುದು. ಹೋದರೆ ಇನ್ನೂ ಒಳ್ಳೆಯದು, ಏಕೆ ಎಂದು ಕೇಳುವುದಕ್ಕೆ ನಿಜವಾದ ಕಾರಣ ಸಿಕ್ಕಂತಾಯಿತು.

ಇದೇ ಮರಗಳ ಬುಡದ ತರಗೆಲೆಯ ನಡುವೆ ಮುಸ್ಸಂಜೆಗೆ ಹಾರುವ ಒಂದು ಕಂದು ಚಿಟ್ಟೆಯಿದೆ, ಕಾಮನ್ ಈವ್ನಿಂಗ್ ಬ್ರೌನ್ ಎಂದು ಪಟ್ಟಿಗಳಲ್ಲಿ ಇರುವುದು. ಇದರ ಮರಿಹುಳು ಹುಲ್ಲು, ಭತ್ತದ ಎಲೆ ತಿಂದು ಬೆಳೆಯುವುದರಿಂದ ಕಾಡಿಗೆ ಹೋಗದೆ ಗದ್ದೆಯ ಬದಿಯಲ್ಲೂ ಸಿಗುತ್ತದೆ. ಮಳೆಗಾಲದಲ್ಲಿ ಹುಟ್ಟಿದ ಚಿಟ್ಟೆಯ ರೆಕ್ಕೆಯ ಕೆಳಮೈ ಮೇಲೆ ಸಾಲಾಗಿ ಕಣ್ಣಿನ ಚುಕ್ಕೆಗಳು ಎದ್ದು ಕಾಣುತ್ತವೆ. ಒಣಗಾಲದಲ್ಲಿ ಹುಟ್ಟಿದ್ದಕ್ಕೆ ಚುಕ್ಕೆಗಳು ಮಾಯವಾದಂತೆ ಕುಗ್ಗಿ, ರೆಕ್ಕೆ ಪೂರ್ತಿ ಒಣಗಿದ ಎಲೆಯ ಬಣ್ಣಕ್ಕೆ ತಿರುಗಿರುತ್ತದೆ. ಪ್ರತಿಯೊಂದಕ್ಕೂ ಬೇರೆ ಬೇರೆ ಛಾಯೆ, ಯಾವ ಎರಡು ತರಗೆಲೆಯೂ ಒಂದೇ ಥರ ಇರುವುದಿಲ್ಲವಲ್ಲ, ಹಾಗೆ. ಅಕ್ಟೋಬರಿನಲ್ಲಿ ಒಂದನ್ನೂ ಫೆಬ್ರವರಿಯಲ್ಲಿ ಒಂದನ್ನೂ ನೋಡಿದವರು ಎರಡು ಬೇರೆ ಜಾತಿ ಎಂದೇ ಬರೆದುಕೊಳ್ಳುತ್ತಾರೆ. ಇಲ್ಲಿ ಒಂದು ತೊಡಕೂ ಇದೆ, ಅದನ್ನು ಮುಚ್ಚಿಡಬಾರದು. ಒಂದು ಜೀವಿ ತನ್ನ ಆಯುಸ್ಸಿನಲ್ಲಿ ಹೊಂದಿಕೊಳ್ಳುವುದಿಲ್ಲ ಎಂದು ಮೇಲೆ ವಾದಿಸಿದ್ದಕ್ಕೆ ಈ ಚಿಟ್ಟೆ ಎದುರಾಡುವಂತೆ ಕಾಣುತ್ತದೆ, ಏಕೆಂದರೆ ಮರಿಹುಳು ಬೆಳೆಯುವಾಗಿನ ಶಾಖವೇ ರೆಕ್ಕೆಯ ವೇಷವನ್ನು ನಿರ್ಧರಿಸುತ್ತದೆ, ಒಂದೇ ತಾಯಿಯ ಮೊಟ್ಟೆಯಿಂದ ಎರಡೂ ವೇಷ ಬರಬಹುದು. ಆದರೆ ವೇಷ ಬದಲಿಸುವ ಆ ಶಕ್ತಿಯನ್ನು ಯಾವ ಚಿಟ್ಟೆಯೂ ಬೇಕೆಂದು ಪಡೆದದ್ದಲ್ಲ; ಆ ಶಕ್ತಿ ಇಲ್ಲದವನ್ನು ಹಕ್ಕಿ, ಓತಿಗಳು ತಲೆತಲೆಯಾಗಿ ಹೆಚ್ಚು ಹೆಕ್ಕಿ ತಿಂದದ್ದರಿಂದ ಉಳಿದುಬಂದದ್ದು. ಹನ್ನೊಂದು ವರ್ಷದ ಮಗುವಿಗೆ ಇದು ತೀರ ಸೂಕ್ಷ್ಮ ಎನ್ನುವವರು ಮಕ್ಕಳ ಜೊತೆ ಚಿಟ್ಟೆ ಹುಡುಕಿ ನೋಡಿಲ್ಲ ಎಂದೇ ತಿಳಿಯಬೇಕು.

ಇಂಥ ಪಾಠಕ್ಕೆ ಎದುರಾಗುವ ಮೊದಲ ಆಕ್ಷೇಪ ಆನೆಯದು, ಅದು ಹಗುರವಾದದ್ದಲ್ಲ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಗಿ ಮೊದಲಾಗಿ, ಮುಂದೆ 643 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವಾಗಿ, ಹುಲಿ ಸಂರಕ್ಷಿತ ಪ್ರದೇಶವಾಗಿ ಬೆಳೆದ ಕಾಡು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅದರೊಳಗೆ ಕಾಲಿಡುವಂತಿಲ್ಲ, ಇಡಲೂಬಾರದು. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಸರ್ಕಾರಿ ಶಾಲೆಯ ಮಕ್ಕಳನ್ನು ಇಲಾಖೆಯ ಕಾವಲಿನಲ್ಲೇ ಕಾಡಿಗೆ ಕರೆದೊಯ್ಯುತ್ತದೆ, ಅದು ಒಳ್ಳೆಯ ಕಾರ್ಯಕ್ರಮ. ವನ್ಯಜೀವಿ ಅಧ್ಯಯನ ಕೇಂದ್ರದ ಕೃತಿ ಕಾರಂತರು 2018ರಲ್ಲಿ ಶುರುಮಾಡಿದ ವೈಲ್ಡ್ ಶಾಲೆ ಕಾಡಂಚಿನ ಹಳ್ಳಿಶಾಲೆಗಳಿಗೆ ತಾನೇ ಹೋಗಿ, ಆಟ, ಕತೆ, ಚಿತ್ರಗಳ ಮೂಲಕ ಹತ್ತರಿಂದ ಹದಿಮೂರು ವರ್ಷದ ಮಕ್ಕಳಿಗೆ ಪಾಠ ಮಾಡುತ್ತದೆ. ಇವೆರಡನ್ನೂ ಬೇಡವೆನ್ನುವುದಲ್ಲ. ಆದರೆ ಸಫಾರಿ ವ್ಯಾನಿನ ಕಾಡಿಗೂ ಈ ಪಾಠಕ್ಕೂ ಹೆಚ್ಚಿನ ನೆಂಟಸ್ತಿಕೆಯಿಲ್ಲ. ವ್ಯಾನಿನಲ್ಲಿ ಕೂತವರೆಲ್ಲ ಹುಲಿಗಾಗಿ ಕಾಯುತ್ತಾರೆ, ಹುಲಿ ಕಾಣದಿದ್ದರೆ ಏನೂ ಕಾಣಲಿಲ್ಲ ಎನ್ನುತ್ತ ಇಳಿಯುತ್ತಾರೆ. ನಾಲ್ಕು ಸಲದ ಪಾಠಕ್ಕೆ ಬೇಕಾದದ್ದು ಹುಲಿಯ ಕಾಡಲ್ಲ. ಊರಿನ ಗುಂಡುತೋಪು, ಕೆರೆಯ ಏರಿ, ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಕುರುಚಲು, ಸ್ಮಶಾನದ ಬೇಲಿ. ಹಗಲು ಹತ್ತರಿಂದ ಒಂದು ಗಂಟೆಯ ಒಳಗೆ, ಊರಿಗೆ ಕೂಗಿದರೆ ಕೇಳುವಷ್ಟು ದೂರದಲ್ಲಿ. ಆನೆ ಬಂದಿದೆ ಎಂಬ ಸುದ್ದಿ ಬಂದ ದಿನ ಹೋಗದಿದ್ದರಾಯಿತು. ಆ ಸುದ್ದಿ ಮಕ್ಕಳಿಗೆ ಇಲಾಖೆಗಿಂತ ಮುಂಚೆ ಗೊತ್ತಿರುತ್ತದೆ.

ಆನೆಯ ಮಾತು ಬಂದಾಗ ಇನ್ನೊಂದು ಆಕ್ಷೇಪ, ಹೆಚ್ಚಾಗಿ ಬಾಯಿಬಿಟ್ಟು ಹೇಳದೆ ಉಳಿಯುವಂಥದು, ಎದುರು ಬಂದು ನಿಲ್ಲುತ್ತದೆ. ರಾತ್ರಿಯಿಡೀ ಅಟ್ಟಣೆಯ ಮೇಲೆ ಕೂತು ರಾಗಿ ಕಾಯುವ ಅಪ್ಪನ ಮಗನಿಗೆ ಜೀವವೈವಿಧ್ಯ ದೊಡ್ಡದು ಎಂದು ಹೇಳಿಕೊಡಲು ಮೇಷ್ಟ್ರಿಗೆ ಯಾವ ಹಕ್ಕಿದೆ? ಕಂದಕ ತೋಡಿದರೂ, ರೈಲ್ವೆ ಕಂಬಿಯ ತಡೆಗೋಡೆ ನಿಲ್ಲಿಸಿದರೂ ಬೆಳೆಗೆ ಬರುವ ಆನೆ ಬರುತ್ತಲೇ ಇದೆ. ಕಾಡಿನ ಪಾಠವನ್ನು ಪ್ರೀತಿಯ ಉಪದೇಶವಾಗಿ ಮಾಡಿದರೆ ಈ ಮಗು ಒಳಗೊಳಗೇ ನಗುತ್ತದೆ, ಅದು ನ್ಯಾಯವೂ ಹೌದು. ಆದರೆ ಹೊಂದಾಣಿಕೆಯ ಪಾಠ ಉಪದೇಶವಲ್ಲ, ವಿವರಣೆ. ಸುಕುಮಾರ್ ಅವರೇ ದಕ್ಷಿಣದ ಆನೆಗಳ ಆಹಾರವನ್ನು ಕುರಿತು ಮಾಡಿದ ಮೊದಲ ಕೆಲಸಗಳಲ್ಲಿ ತೋರಿಸಿದ್ದು, ರಾಗಿ, ಭತ್ತಗಳಂಥ ಬೆಳೆಯ ಹುಲ್ಲಿನಲ್ಲಿ ಕಾಡುಹುಲ್ಲಿಗಿಂತ ಹೆಚ್ಚು ಪ್ರೋಟೀನು, ಸುಣ್ಣದಂಶ, ಸೋಡಿಯಂ ಇದೆ ಎಂಬುದನ್ನು. ಕಾಡಿನ ಹುಲ್ಲು ಬಲಿತು ನಾರಾಗುವ ಹೊತ್ತಿಗೇ ಹೊಲದಲ್ಲಿ ರಾಗಿ ತೆನೆ ಕಟ್ಟುತ್ತದೆ. ಆನೆ ದುಷ್ಟತನದಿಂದ ಬರುವುದೂ ಅಲ್ಲ, ಗಣಪತಿಯಾಗಿ ಬರುವುದೂ ಅಲ್ಲ. ಹೆಚ್ಚು ಪೋಷಣೆ ಎಲ್ಲಿ ಕಡಿಮೆ ಶ್ರಮಕ್ಕೆ ಸಿಗುತ್ತದೋ ಅಲ್ಲಿಗೆ ಬರುತ್ತದೆ. ಇದು ತಿಳಿದರೆ ಬೆಳೆ ಉಳಿಯುತ್ತದೆಂದು ಯಾರೂ ಹೇಳಲಾರರು. ಅಪ್ಪ ಯಾವ ತಿಂಗಳಲ್ಲಿ ಅಟ್ಟಣೆ ಹತ್ತಬೇಕು ಎಂಬ ಲೆಕ್ಕಕ್ಕೆ ಮಗ ಬರೆದಿಟ್ಟ ಪುಸ್ತಕವೂ ಒಂದು ದಾಖಲೆಯಾಗುತ್ತದೆ, ಅಷ್ಟೇ.

ಹಳ್ಳಿಯ ಮಕ್ಕಳಿಗೆ ಇದೆಲ್ಲ ಮೊದಲೇ ಗೊತ್ತು, ಅವರಿಗೆ ಮರ ತೋರಿಸಲು ಶಾಲೆ ಬೇಕೆ ಎನ್ನುವವರೂ ಇದ್ದಾರೆ. ಅರ್ಧ ನಿಜ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಬೆಂಕಿ ಕಾಯುವ ಮನೆಯ ಮಗುವಿಗೆ ಯಾವ ಸೌದೆ ನಿಧಾನ ಉರಿಯುತ್ತದೆ, ಯಾವುದು ಹೊಗೆ ಕಾರುತ್ತದೆ ಎಂಬುದು ಸಸ್ಯಶಾಸ್ತ್ರದ ಪದವೀಧರನಿಗಿಂತ ಚೆನ್ನಾಗಿ ಗೊತ್ತು. ಹಾಡಿಯ ಜೇನುಕುರುಬರ ಮಗುವಿಗೆ ಯಾವ ಮರ ಹೂಬಿಟ್ಟಾಗ ಯಾವ ಜೇನು ಎಲ್ಲಿ ಕಟ್ಟುತ್ತದೆ ಎಂಬ ಪಂಚಾಂಗವೇ ಬಾಯಲ್ಲಿರುತ್ತದೆ. ದುರದೃಷ್ಟವೆಂದರೆ ಶಾಲೆಯ ನಾಲ್ಕು ಗೋಡೆಯೊಳಗೆ ಈ ತಿಳಿವಳಿಕೆಗೆ ಅಂಕವಿಲ್ಲ, ಅದೇ ಮಗು ಹಿಂದಿನ ಬೆಂಚಿನಲ್ಲಿ ಕೂತಿರುತ್ತದೆ. ಮರದ ಬುಡಕ್ಕೆ ತರಗತಿ ಸಾಗಿದ ದಿನ ಬೆಂಚುಗಳ ಕ್ರಮ ಅದಲುಬದಲಾಗುತ್ತದೆ. ಹೆಸರು ಗೊತ್ತಿಲ್ಲ ಎಂದು ಹೆದರುವ ಮೇಷ್ಟ್ರಿಗೂ ಇದು ಅನುಕೂಲ. ಹೆಸರನ್ನು ಮಕ್ಕಳಿಂದ, ಹಾಡಿಯ ಅಜ್ಜಿಯಿಂದ ಕೇಳಿ ಬರೆದುಕೊಂಡರಾಯಿತು. ಮೇಷ್ಟ್ರು ಸೇರಿಸಬೇಕಾದದ್ದು ಹೆಸರನ್ನಲ್ಲ, ಎಣಿಕೆಯನ್ನು. ಉಪಯೋಗದ ಜ್ಞಾನ ಮರವನ್ನು ಗುರುತಿಸುತ್ತದೆ. ಅದು ಏಕೆ ಹಾಗಿದೆ ಎಂಬುದನ್ನು ಎಣಿಸಿ, ಹೋಲಿಸಿ, ಬರೆದಿಟ್ಟು ಕಂಡುಕೊಳ್ಳಬೇಕು. ಕನ್ನಡಕ್ಕೆ ಈ ಬಗೆ ಹೊಸದೂ ಅಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದದ್ದು ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಪ್ರವಾಸದ ಪುಸ್ತಕವಾಗಿಯೇ. ಪುಸ್ತಕವನ್ನು ನಾವು ಸಾಹಿತ್ಯವೆಂದು ಕಪಾಟಿನಲ್ಲಿಟ್ಟೆವು, ಅದರೊಳಗಿನ ಪಾಠದ ಕ್ರಮ ಮಾತ್ರ ಶಾಲೆಗೆ ಬರಲಿಲ್ಲ.

ಸಮಯವಿಲ್ಲ, ಪಠ್ಯ ಮುಗಿಯುವುದಿಲ್ಲ ಎಂಬ ದೂರಿಗೆ ಹೆಚ್ಚು ಉತ್ತರ ಬೇಕಿಲ್ಲ. ವರ್ಷಕ್ಕೆ ನಾಲ್ಕು ಅರ್ಧ ದಿನ. ವಾರ್ಷಿಕೋತ್ಸವದ ನೃತ್ಯಾಭ್ಯಾಸಕ್ಕೆ ಹೋಗುವುದು ಇದಕ್ಕಿಂತ ಹೆಚ್ಚು. ಪರಿಸರ ಶಿಕ್ಷಣವನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಬೇಕೆಂದು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು 1991ರಲ್ಲಿ. ಕಡ್ಡಾಯವಾದದ್ದು ಪುಸ್ತಕ, ಪರಿಸರ ಬಾಗಿಲ ಹೊರಗೇ ಉಳಿಯಿತು. ನಿಜವಾದ ಅಡ್ಡಿ ಬೇರೆ ಕಡೆ ಇದೆ. ಒಣಕಾಡು ತನ್ನ ಗುಟ್ಟನ್ನೆಲ್ಲ ಬಿಚ್ಚುವ ಏಪ್ರಿಲ್, ಮೇ ತಿಂಗಳುಗಳಲ್ಲೇ ಶಾಲೆಗೆ ಬೇಸಿಗೆ ರಜೆ. ಮಳೆಗೆ ಮುಂಚಿನ ಚಿಗುರು, ಕಕ್ಕೆಯ ಹೂವು, ಭರಣಿ ಮಳೆಗೆ ನೆಲದಿಂದೇಳುವ ಗೆದ್ದಲಿನ ರೆಕ್ಕೆಹುಳುಗಳು ಎಲ್ಲ ಆಗಲೇ. ಆ ಎರಡು ತಿಂಗಳು ಮೇಷ್ಟ್ರಿಲ್ಲದೆ ಮಗು ಒಂದೇ ಹೋಗಿ ನೋಡಬೇಕಾಗುತ್ತದೆ. ನಾಲ್ಕು ಸಲ ಹೋಗಿ ಬಂದ ಮಗುವಿಗೆ ಐದನೆಯದಕ್ಕೂ ಆರನೆಯದಕ್ಕೂ ಹೇಳಿಸಿಕೊಳ್ಳುವ ಅಗತ್ಯ ಇರುವುದಿಲ್ಲ. ದನ ಮೇಯಿಸಲು ಹೋದಾಗಲೇ ಕರಿಮತ್ತಿಯ ಕೊಂಬೆ ನೋಡಿ ತಾರೀಖು ಬರೆದುಕೊಂಡರಾಯಿತು.

ಬರೆದುಕೊಳ್ಳಬೇಕಾದದ್ದು ಮುಖ್ಯವಾಗಿ ಸಸಿಗಳ ಲೆಕ್ಕ. ಸೆಪ್ಟೆಂಬರಿನಲ್ಲಿ ಒಂದು ಮಾರು ಅಗಲದ ಚೌಕದಲ್ಲಿ ಕಂಡ ಪ್ರತಿ ಸಸಿಗೂ ಕೆಂಪು ನೂಲು ಕಟ್ಟಿ ಸಂಖ್ಯೆ ಕೊಡಬೇಕು. ಜನವರಿಗೆ ಒಂದಿಷ್ಟನ್ನು ಹುಳು ತಿಂದಿರುತ್ತದೆ, ಒಂದಿಷ್ಟನ್ನು ಮೇಕೆ, ಒಂದಿಷ್ಟು ಲಂಟಾನದ ನೆರಳಲ್ಲಿ ನರಳಿ ಹೋಗಿರುತ್ತವೆ. ಮಾರ್ಚಿಗೆ ಉಳಿದವುಗಳೂ ಕಡ್ಡಿಯಾಗಿ, ಕೆಲವು ನೂಲುಗಳು ಬೆಂಕಿಗೆ ಸುಟ್ಟು, ಪುಸ್ತಕದ ಪುಟದಲ್ಲಿ ಸಾಲುಸಾಲಾಗಿ ಸತ್ತಿದೆ, ಸತ್ತಿದೆ ಎಂದು ಬರೆಯಬೇಕಾಗುತ್ತದೆ. ಒಣನಾಡಿನ ಹಲವು ಮರಗಳ ಸಸಿಗಳಿಗೆ ಒಂದು ಅಭ್ಯಾಸವಿದೆ: ಬೇಸಿಗೆಯಲ್ಲಿ ನೆಲದ ಮೇಲಿನದು ಪೂರ್ತಿ ಒಣಗಿದರೂ ಬೇರು ಒಳಗೆ ಜೀವ ಹಿಡಿದು, ವರ್ಷ ವರ್ಷ ದಪ್ಪವಾಗುತ್ತ, ಮಳೆಗೆ ಮತ್ತೆ ತಲೆಯೆತ್ತುತ್ತದೆ. ಶಾಲೆ ತೆರೆದ ಜೂನಿನಲ್ಲಿ ಆ ಚೌಕಕ್ಕೆ ಮತ್ತೆ ಹೋದ ಮಕ್ಕಳು ಮೊಣಕಾಲೂರಿ ಕೂತು, ಸುಟ್ಟ ಹುಲ್ಲಿನ ಬುಡ ಸರಿಸಿ, ಮಾಸಿದ ನೂಲಿನ ಪಕ್ಕದಲ್ಲೇ ಎದ್ದ ಎರಡೆಲೆಯ ಚಿಗುರನ್ನು ಹುಡುಕಬೇಕು. ಎಷ್ಟನೆಯ ಸಂಖ್ಯೆ ಎಂದು ನೋಡಿ, ಹಳೆಯ ಪುಟ ತೆರೆದು, ಮಾರ್ಚಿನಲ್ಲಿ ಬರೆದ ಮಾತಿನ ಮೇಲೆ ಒಂದು ಗೆರೆ ಎಳೆಯಬೇಕು. ಎಲ್ಲ ಸಾಲುಗಳ ಮೇಲೂ ಅಲ್ಲ. ಹೆಚ್ಚಿನವು ಬರೆದಂತೆಯೇ ಇರುತ್ತವೆ.